ಕಿವುಡಿನ ಬೆನ್ನುಹತ್ತಿದ ವೈದ್ಯ: ಒಂದು ಸಂಶೋಧನೆಯ ದಾರಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯಿಂದ)

ಸಂಶೋಧನೆ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಬಹಳ ಸುಲಭವಾಗಿ ಓಡಾಡುತ್ತದೆ. ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ನಮ್ಮನ್ನು ಸಂಶೋಧಕರಾಗಿರೆಂದು ಹರಸಿ ಹೋಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಸಂಶೋಧಕನಾದವನು ಬೆಳಗಾಗೆದ್ದು ಮಾಡುವುದೇನು, ಒಂದು ಪ್ರಶ್ನೆಯನ್ನು ಹಿಡಿದು ಎಷ್ಟು ವರ್ಷ ಕೂರುತ್ತಾನೆ, ಅಷ್ಟು ಕಾಲ ಅವನ ಮನೆಯ ಒಲೆ ಹೇಗೆ ಉರಿಯುತ್ತದೆ, ಇವನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮೂರನೆಯ ಪ್ರಶ್ನೆಯೇ ನನಗೆ ಮೊದಲನೆಯದಾಗಿ ತೋರುವುದು ಸಹಜ.

ಈ ವರ್ಷ ಮನಶ್ಶಾಸ್ತ್ರದ ತರಗತಿಯಲ್ಲಿ ಇಂದ್ರಿಯ ಸಂವೇದನೆಯ ಪಾಠ ನಡೆದಾಗ ಕಿವಿಯ ಭಾಗವನ್ನು ಓದಿ ಸೆಮಿನಾರು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತ ಹೋದಂತೆ ಒಂದು ಹೆಸರು ನನ್ನನ್ನು ಹಿಡಿದುಕೊಂಡಿತು. ಅದು ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬುವರ ಹೆಸರು. ಏನೂ ಕೇಳಿಸದವರಿಗೆ ಮಾತು ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನು ರೂಪಿಸಿದವರಲ್ಲಿ ಅವರೊಬ್ಬರು. ವೈದ್ಯನೂ ಇಂಜಿನಿಯರನೂ ನರವಿಜ್ಞಾನಿಯೂ ಒಂದೇ ಮೇಜಿನ ಸುತ್ತ ಕುಳಿತು ಮಾಡುವ ಇಂಥ ಕೆಲಸಕ್ಕೆ ಇಂದು ಜೈವಿಕ ವೈದ್ಯಕೀಯ ಇಂಜಿನಿಯರಿಂಗ್ ಎಂದು ಹೆಸರಿದೆ, ಅದಕ್ಕೆ ವಿಭಾಗಗಳಿವೆ, ಪದವಿಗಳಿವೆ. ಕ್ಲಾರ್ಕರು ಸಂಶೋಧನ ವಿದ್ಯಾರ್ಥಿಯಾದ ಕಾಲಕ್ಕೆ ಆ ದಾರಿಯಲ್ಲಿ ಮೈಲಿಗಲ್ಲುಗಳನ್ನು ಇನ್ನೂ ನೆಟ್ಟಿರಲಿಲ್ಲ. ಅವರು ನಡೆದ ದಾರಿಯನ್ನು ತಿಳಿಯುವ ಮುಂಚೆ ನಾವು ಕಿವಿಯನ್ನು ಸ್ವಲ್ಪ ಅರಿತುಕೊಳ್ಳಬೇಕು.

ನಾವು ಕಿವಿ ಎಂದು ಕರೆಯುವುದು ವಾಸ್ತವವಾಗಿ ಕಿವಿಯ ಹೊರಬಾಗಿಲು ಮಾತ್ರ. ಗಾಳಿಯಲ್ಲಿ ಅಲೆಅಲೆಯಾಗಿ ಬಂದ ಶಬ್ದವು ಒಳಗಿನ ತಮಟೆಯನ್ನು ಅದುರಿಸುತ್ತದೆ. ಆ ಅದುರು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳನ್ನು ದಾಟಿ ಒಳಗಿವಿಗೆ ಸಾಗುತ್ತದೆ. ಅಲ್ಲಿರುವುದೇ ಕರ್ಣಶಂಖ. ಬಸವನಹುಳುವಿನ ಚಿಪ್ಪಿನ ಹಾಗಿರುವುದರಿಂದ ಅದಕ್ಕೆ ಕಾಕ್ಲಿಯ ಎಂಬ ಲ್ಯಾಟಿನ್ ಹೆಸರು. ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಈ ಕೊಳವೆಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ 35 ಮಿಲಿಮೀಟರ್ ಆದೀತು. ಅದರೊಳಗೆ ದ್ರವ, ದ್ರವದ ನಡುವೆ ಒಂದು ಪೊರೆ, ಪೊರೆಯ ಮೇಲೆ ಸಾಲುಗಟ್ಟಿ ನಿಂತ ರೋಮಕೋಶಗಳು, ಒಂದೊಂದು ಕಿವಿಯಲ್ಲಿ ಸುಮಾರು 15,000. ದ್ರವ ಅಲುಗಿದಾಗ ಈ ಕೋಶಗಳ ತುದಿಯ ರೋಮಗಳು ಬಾಗುತ್ತವೆ, ಬಾಗಿದಾಗ ಕೋಶದಲ್ಲಿ ವಿದ್ಯುತ್ ಬದಲಾವಣೆಯಾಗುತ್ತದೆ, ಆ ಸುದ್ದಿ ಶ್ರವಣ ನರದ ಸುಮಾರು 30,000 ಎಳೆಗಳನ್ನು ಹಿಡಿದು ಮಿದುಳಿಗೆ ಹೋಗುತ್ತದೆ. ಎಂದರೆ ಮಿದುಳಿಗೆ ತಲಪುವುದು ಶಬ್ದವಲ್ಲ, ವಿದ್ಯುತ್ತಿನ ಮಿಡಿತ. ಕ್ಲಾರ್ಕರ ಕಥೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಾರ್ಮೋನಿಯಂನ ಮನೆಗಳನ್ನೆಲ್ಲ ಕಿತ್ತು ಸುರುಳಿ ಸುತ್ತಿಟ್ಟರೆ ಹೇಗೋ ಹಾಗಿದೆ ಕರ್ಣಶಂಖ. ಅದರ ಬುಡದಲ್ಲಿ ತಾರಸ್ಥಾಯಿಯ ಶಬ್ದಗಳೂ ತುದಿಯಲ್ಲಿ ಮಂದ್ರದ ಶಬ್ದಗಳೂ ಹೆಚ್ಚಾಗಿ ಮಿಡಿಯುತ್ತವೆ. ಹಂಗೆರಿಯ ಟೆಲಿಫೋನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಗೇವೊರ್ಗ್ ಫಾನ್ ಬೇಕೆಶಿ ಎಂಬ ಭೌತವಿಜ್ಞಾನಿ ಈ ಅಲೆಯ ಚಲನೆಯನ್ನು ಕಣ್ಣಾರೆ ಕಂಡು ತೋರಿಸಿ 1961ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೆ ಸ್ಥಾಯಿಯನ್ನು ಮಿದುಳು ತಿಳಿಯುವುದು ಮಿಡಿದ ಸ್ಥಳದಿಂದ ಮಾತ್ರವೇ, ಅಥವಾ ಸೆಕೆಂಡಿಗೆ ಎಷ್ಟು ಸಲ ಮಿಡಿಯಿತೆಂಬ ಲೆಕ್ಕದಿಂದಲೂ ಹೌದೇ ಎಂಬ ವಾದ ಆಗ ಇನ್ನೂ ತೀರಿರಲಿಲ್ಲ. ಸ್ಥಳವೇ, ವೇಗವೇ ಎಂಬ ಈ ಪ್ರಶ್ನೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಕಿವುಡಿನಲ್ಲಿ ಮುಖ್ಯವಾಗಿ ಎರಡು ಬಗೆ. ತಮಟೆಯೋ ಮೂಳೆಗಳೋ ಕೆಟ್ಟು ಬಂದ ಕಿವುಡನ್ನು ಬಹುಮಟ್ಟಿಗೆ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ರೋಮಕೋಶಗಳೇ ಸತ್ತರೆ ಹಾಗಲ್ಲ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹುಟ್ಟಿನಿಂದ, ರೋಗದಿಂದ, ಕೆಲವು ಔಷಧಿಗಳಿಂದ, ವಯಸ್ಸಿನಿಂದ, ಬಿಡದೆ ಕಿವಿಗೆ ಬೀಳುವ ದೊಡ್ಡ ಸದ್ದಿನಿಂದ ಅವು ಸಾಯುತ್ತವೆ. ಈ ಕೊನೆಯದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ನಮ್ಮ ತಂದೆ ಪವರ್‌ಲೂಮ್ ಮಗ್ಗಗಳ ನಡುವೆ ಇಪ್ಪತ್ತಾರು ವರ್ಷ ನಿಂತವರು. ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತನಾಡುತ್ತೇವೆ. ಹೊಸಬರು ಬಂದರೆ ಜಗಳವೆಂದು ತಿಳಿಯುವುದುಂಟು. ಇರಲಿ. ತಂದೆಯವರಂತೆ ಸ್ವಲ್ಪವಾದರೂ ಕೇಳಿಸುವವರಿಗೆ ಶಬ್ದವನ್ನು ದೊಡ್ಡದು ಮಾಡಿಕೊಡುವ ಕಿವಿಯ ಮಷೀನು ಸಾಕು. ಆದರೆ ರೋಮಕೋಶಗಳು ಪೂರ್ತಿ ಹೋದವನ ಕಿವಿಯಲ್ಲಿ ಸಿಡಿಲು ಬಡಿದರೂ ಪ್ರಯೋಜನವಿಲ್ಲ. ಶಬ್ದವನ್ನು ವಿದ್ಯುತ್ತಾಗಿ ಮಾಡುವ ಕೆಲಸಗಾರರೇ ಅಲ್ಲಿಲ್ಲ. ಸಮಾಧಾನದ ಸಂಗತಿಯೆಂದರೆ, ಇಂಥ ಕಿವಿಯಲ್ಲಿಯೂ ಹಿಂದಿರುವ ನರದ ಎಳೆಗಳು ಅನೇಕ ವೇಳೆ ಸಾಕಷ್ಟು ಜೀವಂತವಾಗಿ ಉಳಿದಿರುತ್ತವೆ. ಹಾಗಾದರೆ ಅವುಗಳಿಗೆ ಹೊರಗಿನಿಂದಲೇ ವಿದ್ಯುತ್ತನ್ನು ಕೊಟ್ಟರೇನು?

ಈ ಯೋಚನೆ ಹಳೆಯದು. ವಿದ್ಯುತ್ಕೋಶವನ್ನು ಕಂಡುಹಿಡಿದ ಇಟಲಿಯ ವೋಲ್ಟ ತನ್ನ ಎರಡು ಕಿವಿಗಳಲ್ಲಿ ಲೋಹದ ಕಡ್ಡಿಗಳನ್ನಿಟ್ಟು ವಿದ್ಯುತ್ ಹರಿಸಿಕೊಂಡನು. ತಲೆಗೆ ಹೊಡೆತ ಬಿದ್ದಂತಾಗಿ, ಆಮೇಲೆ ಮಂದವಾದ ಪದಾರ್ಥವೊಂದು ಕುದಿಯುವ ಸದ್ದು ಕೇಳಿಸಿತೆಂದು 1800ರಲ್ಲಿ ಬರೆದನು. ಅದನ್ನು ಮತ್ತೆ ಮಾಡುವ ಧೈರ್ಯ ಅವನಿಗಾಗಲಿಲ್ಲ. 1957ರಲ್ಲಿ ಪ್ಯಾರಿಸ್ಸಿನ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಎಯ್ರಿಯೆ ಎಂಬಿಬ್ಬರು ಕಿವುಡನೊಬ್ಬನ ಶ್ರವಣ ನರಕ್ಕೆ ನೇರವಾಗಿ ತಂತಿ ಮುಟ್ಟಿಸಿದರು. ಆತನಿಗೆ ಜೀರುಂಡೆಯ ಹಾಗೆ ಸದ್ದು ಕೇಳಿಸಿತು, ಮಾತಿನ ಲಯ ತಿಳಿಯಿತು, ಮಾತು ತಿಳಿಯಲಿಲ್ಲ. ಲಾಸ್ ಏಂಜಲೀಸಿನ ವಿಲಿಯಂ ಹೌಸ್ 1961ರಲ್ಲಿ ರೋಗಿಗಳ ಕರ್ಣಶಂಖದಲ್ಲಿಯೇ ತಂತಿ ಇಟ್ಟರು. ಸ್ಟ್ಯಾನ್‌ಫರ್ಡಿನ ಬ್ಲೇರ್ ಸಿಮನ್ಸ್ 1964ರಲ್ಲಿ ಇಂಥದೇ ಪ್ರಯೋಗ ನಡೆಸಿದರು. ಎಲ್ಲ ಕಡೆಯೂ ಒಂದೇ ಫಲ: ಸದ್ದು ಬರುತ್ತದೆ, ಮಾತು ಬರುವುದಿಲ್ಲ.

ಇಲ್ಲಿಗೆ ಕ್ಲಾರ್ಕರು ಬರುತ್ತಾರೆ. ಅವರು 1935ರಲ್ಲಿ ನ್ಯೂ ಸೌತ್ ವೇಲ್ಸಿನ ಕ್ಯಾಮ್ಡೆನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಗೆ ಅಲ್ಲಿ ಔಷಧಿಯ ಅಂಗಡಿ, ಕಿವಿ ಮಂದ. ಗಿರಾಕಿಗಳು ತಮ್ಮ ಕಾಯಿಲೆಯನ್ನೂ ಬೇಕಾದ ಔಷಧಿಯನ್ನೂ ಕೂಗಿ ಹೇಳಬೇಕಾಗುತ್ತಿತ್ತು, ಅಂಗಡಿಯಲ್ಲಿದ್ದವರೆಲ್ಲ ಕೇಳಬೇಕಾಗುತ್ತಿತ್ತು. ಕೌಂಟರಿನ ಹಿಂದೆ ನಿಂತ ಹುಡುಗನಿಗೆ ಅದರ ನಾಚಿಕೆ. ಮುಂದೆ ಆತ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಓದಿ, ಬ್ರಿಟನ್ನಿಗೆ ಹೋಗಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯನಾಗಿ ತರಬೇತಿ ಹೊಂದಿ, ಮರಳಿ ಮೆಲ್ಬರ್ನಿನಲ್ಲಿ ನೆಲಸಿದನು. ಆಸ್ಪತ್ರೆಯಲ್ಲಿ ಸ್ಥಾನ, ಒಳ್ಳೆಯ ಸಂಪಾದನೆ, ಸಂಸಾರ, ಎಲ್ಲವೂ ಮೂವತ್ತರ ಸುಮಾರಿಗೆ ಕೈಗೂಡಿದ್ದವು. ನಮ್ಮ ಕಡೆ ಇದಕ್ಕೆ ‘ದಡ ಸೇರಿದ’ ಎನ್ನುತ್ತಾರೆ.

1966ರಲ್ಲಿ ಅವರು ಸಿಮನ್ಸರ ಪ್ರಬಂಧವನ್ನು ಓದಿದರು. ಬೇರೆಯವರು ಅದನ್ನು ಸೋಲಿನ ವರದಿಯೆಂದು ಓದಿ ಮಡಿಸಿಡಬಹುದಾಗಿತ್ತು. ಕ್ಲಾರ್ಕರಿಗೆ ಅದು ಪ್ರಶ್ನೆಯಾಗಿ ಕಂಡಿತು: ಮಾತು ಏಕೆ ಬರಲಿಲ್ಲ? ಇದಕ್ಕೆ ಉತ್ತರ ಶಸ್ತ್ರಕ್ರಿಯೆಯ ಕೋಣೆಯಲ್ಲಿ ಸಿಕ್ಕುವಂಥದಲ್ಲ; ನರಗಳು ವಿದ್ಯುತ್ತನ್ನು ಹೇಗೆ ಓದುತ್ತವೆಂಬುದನ್ನು ಕಲಿಯಬೇಕು. ಅದಕ್ಕಾಗಿ ಅವರು ವೃತ್ತಿಯನ್ನು ಬಿಟ್ಟು ಸಂಸಾರ ಸಮೇತ ಸಿಡ್ನಿಗೆ ಹಿಂದಿರುಗಿ ಪಿಎಚ್.ಡಿ. ವಿದ್ಯಾರ್ಥಿಯಾದರು. ಆದಾಯ ಬಹಳ ಇಳಿಯಿತು. ಈ ಭಾಗವನ್ನು ನಾನೊಂದು ರಾತ್ರಿ ಮನೆಯಲ್ಲಿ ಹೇಳಿದೆ, ಸಾಕಷ್ಟು ಗಟ್ಟಿಯಾಗಿಯೇ. ತಂದೆ ಪೂರ್ತಿ ಕೇಳಿ, “ಡಾಕ್ಟ್ರಾಗಿದ್ದೋನು ತಿರುಗಾ ಇಸ್ಕೂಲಿಗೆ ಹೋದ್ನಾ? ಹೆಂಡ್ರು ಏನೂ ಅನ್ನಲಿಲ್ವಾ?” ಎಂದರು. ಅಷ್ಟೇ ಹೇಳಿ ಸುಮ್ಮನಾದರೆ ನಗಬಹುದಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, “ನೀನು ಇನ್ನೂ ಎಷ್ಟು ವರ್ಷ ಓದ್ಬೇಕು ಮಗಾ?” ಎಂದು ಕೇಳಿದರು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಕ್ಲಾರ್ಕರ ಕೈಯಲ್ಲಿ ವೈದ್ಯಪದವಿಯೊಂದು ಇತ್ತು; ಸಂಶೋಧನೆ ಕೈಕೊಟ್ಟರೂ ಅದು ಅವರನ್ನು ಸಾಕುತ್ತಿತ್ತು. ಅವರ ಧೈರ್ಯವನ್ನು ಹೊಗಳುವಾಗ ಈ ಲೆಕ್ಕವನ್ನೂ ಇಡುವುದು ನ್ಯಾಯವೆಂದು ನನಗೆ ತೋರುತ್ತದೆ.

ಅವರ ಪಿಎಚ್.ಡಿ. ಕೆಲಸವೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮಲ್ಲಿ ಪಿಎಚ್.ಡಿ. ಎಂದರೆ ದಪ್ಪ ರಟ್ಟಿನ ಪುಸ್ತಕವೆಂದೇ ಅನೇಕರು ತಿಳಿದಿದ್ದಾರೆ. ಆಗ ಕೆಲವರ ಆಸೆ ಹೀಗಿತ್ತು: ಕರ್ಣಶಂಖದಲ್ಲಿ ಒಂದೇ ತಂತಿಯನ್ನಿಟ್ಟು, ಶಬ್ದ ಎಷ್ಟು ವೇಗವಾಗಿ ಕಂಪಿಸುತ್ತದೆಯೋ ಅಷ್ಟೇ ವೇಗವಾಗಿ ವಿದ್ಯುತ್ತಿನ ಮಿಡಿತಗಳನ್ನು ಕೊಟ್ಟರೆ ಮಿದುಳು ಅದನ್ನು ಮಾತಾಗಿ ಬಿಡಿಸಿಕೊಂಡೀತು. ವೇಗವೇ ಸಾಕೆಂಬ ಪಕ್ಷ ಇದು. ಕ್ಲಾರ್ಕರು ಬೆಕ್ಕುಗಳ ಶ್ರವಣ ನರಕ್ಕೆ ಮಿಡಿತಗಳನ್ನು ಕೊಟ್ಟು, ಮಿದುಳುಕಾಂಡದಲ್ಲಿರುವ ಶ್ರವಣಕೋಶಗಳು ಅದಕ್ಕೆ ಹೇಗೆ ಉತ್ತರ ಕೊಡುತ್ತವೆಂದು ಸೂಕ್ಷ್ಮ ತಂತಿಗಳಿಂದ ದಾಖಲೆ ಮಾಡಿಕೊಂಡರು. ಮಿಡಿತ ನಿಧಾನವಾಗಿದ್ದಾಗ ಕೋಶಗಳು ಪ್ರತಿಯೊಂದಕ್ಕೂ ಓಗೊಟ್ಟವು. ವೇಗ ಸೆಕೆಂಡಿಗೆ ಕೆಲವು ನೂರನ್ನು ದಾಟುತ್ತಲೂ ಹಿಂದೆ ಬಿದ್ದವು. ಈಗ ನೋಡಿ: ಮಾತು ಅರ್ಥವಾಗಬೇಕಾದರೆ ಸೆಕೆಂಡಿಗೆ ಮೂರು ಸಾವಿರಕ್ಕೂ ಮಿಕ್ಕ ಕಂಪನಗಳವರೆಗಿನ ಶಬ್ದ ಬೇಕು. ಹಳೆಯ ಟೆಲಿಫೋನು ಕೂಡ 300ರಿಂದ 3,400ರವರೆಗೆ ಸಾಗಿಸುತ್ತಿತ್ತು. ಕೆಲವು ನೂರರಲ್ಲಿಯೇ ಉಸಿರು ಕಟ್ಟುವ ದಾರಿಯಲ್ಲಿ ಮೂರು ಸಾವಿರವನ್ನು ಹೇಗೆ ಕಳಿಸುವುದು?

1969ರಲ್ಲಿ ಮುಗಿದ ಸಂಶೋಧನೆಯಿಂದ ತಿಳಿದದ್ದು ‘ಆಗದು’ ಎಂಬ ಉತ್ತರ. ಒಂದು ತಂತಿಯಿಂದ ಮಾತು ಬಾರದು. ಮೂರು ವರ್ಷದ ಹಿಂದೆ ವೃತ್ತಿ ಬಿಟ್ಟುಬಂದವನಿಗೆ ಇದೆಂಥ ಪ್ರತಿಫಲ ಎಂದು ಕೇಳುವವರಿದ್ದಾರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಈ ‘ಆಗದು’. ಅದರಿಂದ ಮುಂದಿನ ದಾರಿ ಯಾವುದೆಂಬುದು ನಿಶ್ಚಯವಾಯಿತು. ವೇಗ ಮಾಡಲಾರದ ಕೆಲಸವನ್ನು ಸ್ಥಳದಿಂದ ಮಾಡಿಸಬೇಕು. ಕರ್ಣಶಂಖದ ಉದ್ದಕ್ಕೂ ಬೇರೆಬೇರೆ ಕಡೆಗಳಲ್ಲಿ ಹಲವು ವಿದ್ಯುದಗ್ರಗಳನ್ನಿಟ್ಟು, ತಾರದ ಶಬ್ದಕ್ಕೆ ಬುಡದ ಎಳೆಗಳನ್ನೂ ಮಂದ್ರದ ಶಬ್ದಕ್ಕೆ ಒಳಗಿನ ಎಳೆಗಳನ್ನೂ ಮಿಡಿಯಿಸಬೇಕು. ಸೋತ ಪ್ರಯೋಗಕ್ಕೂ ‘ಆಗದು’ ಎಂದು ಸಿದ್ಧಪಡಿಸಿದ ಪ್ರಯೋಗಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನನ್ನ ಓದಿನಲ್ಲಿ ಸಿಕ್ಕಿಲ್ಲ.

1970ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಲಾರ್ಕರು ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ಕಿವಿ, ಮೂಗು, ಗಂಟಲು ಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಹುದ್ದೆ ಬಂತು, ಹಣ ಬರಲಿಲ್ಲ. ಹದಿನೈದು ಸಾವಿರ ರೋಮಕೋಶಗಳು ಮಾಡುವ ಕೆಲಸವನ್ನು ಹತ್ತಿಪ್ಪತ್ತು ವಿದ್ಯುದಗ್ರಗಳು ಮಾಡುವುದುಂಟೇ ಎಂದು ಆ ಕ್ಷೇತ್ರದ ದೊಡ್ಡವರೇ ಸಂದೇಹಪಟ್ಟರು. ತಂತಿಯ ದಾರಿಯಲ್ಲಿ ಸೋಂಕು ಒಳಗಿವಿಗೆ, ಅಲ್ಲಿಂದ ಮಿದುಳಿನ ಪೊರೆಗೆ ಹರಡಬಹುದೆಂಬ ಭಯವೂ, ಇರುವ ನರದ ಎಳೆಗಳನ್ನೇ ತಂತಿ ಕೆಡಿಸಬಹುದೆಂಬ ಭಯವೂ ಇದ್ದುವು. ಇವು ಹುರುಳಿಲ್ಲದ ಆಕ್ಷೇಪಗಳಲ್ಲ. ಒಂದೊಂದಕ್ಕೂ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಉತ್ತರ ಹುಡುಕಬೇಕಾಯಿತು. ಹಣಕ್ಕಾಗಿ ಪ್ರಾಧ್ಯಾಪಕರು ಸಂಘ ಸಂಸ್ಥೆಗಳ ಮುಂದೆ ನಿಂತರು. 1970ರ ದಶಕದ ನಡುವೆ ಅಲ್ಲಿನ ಟೆಲಿವಿಷನ್ ಕೇಂದ್ರವೊಂದು ವೀಕ್ಷಕರಿಂದ ದೇಣಿಗೆ ಎತ್ತಿಕೊಟ್ಟದ್ದರಿಂದಲೇ ಕೆಲಸ ಮುಂದೆ ಸಾಗಿತು. ಆ ಹಣದಿಂದ ಇಂಜಿನಿಯರರನ್ನು ಗೊತ್ತುಮಾಡಿಕೊಂಡರು. ಚರ್ಮದ ಹೊರಗೆ ಯಾವ ತಂತಿಯೂ ಬಾರದಂತೆ, ಒಳಗಿನ ಪೆಟ್ಟಿಗೆಗೆ ಶಕ್ತಿಯೂ ಸಂದೇಶವೂ ಚರ್ಮದ ಮೂಲಕ ರೇಡಿಯೋ ರೀತಿಯಲ್ಲಿ ಹೋಗಬೇಕೆಂದು ಅವರು ಏರ್ಪಡಿಸಿದರು. ಸೋಂಕಿನ ಭಯಕ್ಕೆ ಅದು ಉತ್ತರ.

ಆದರೆ ತಂತಿಯನ್ನು ಒಳಗೆ ಕಳಿಸುವುದು ಹೇಗೆ? ಶಂಖದ ಸುರುಳಿಯಲ್ಲಿ ಮೆತ್ತನೆಯ ತಂತಿ ಮುದುಡಿಕೊಳ್ಳುತ್ತದೆ. ಗಡುಸಾದದ್ದು ಮೊದಲ ತಿರುವಿನಲ್ಲಿಯೇ ಗೋಡೆಗೆ ಚುಚ್ಚಿ ನಿಲ್ಲುತ್ತದೆ. 1977ರಲ್ಲಿ ರಜೆಗಾಗಿ ಸಂಸಾರದೊಂದಿಗೆ ಮಿನ್ನಮುರ್ರ ಎಂಬ ಕಡಲತೀರಕ್ಕೆ ಹೋಗಿದ್ದಾಗ ಕ್ಲಾರ್ಕರು ಕಿವಿಯ ಶಂಖದಂತೆಯೇ ಸುತ್ತಿದ್ದ ಒಂದು ಕಪ್ಪೆಚಿಪ್ಪನ್ನು ಎತ್ತಿಕೊಂಡು ಅದರೊಳಗೆ ಹುಲ್ಲಿನ ಎಸಳೊಂದನ್ನು ತೂರಿಸಿ ನೋಡಿದರು. ಹುಲ್ಲು ಸುತ್ತಿಕೊಂಡು ಒಳಗೆ ಹೋಯಿತು. ಎಸಳು ಬುಡದಲ್ಲಿ ಗಡುಸು, ತುದಿಗೆ ಹೋದಂತೆ ಮೆತ್ತಗೆ, ಅದೇ ಗುಟ್ಟು. ವಿದ್ಯುದಗ್ರಗಳ ಎಳೆಯನ್ನೂ ಹಾಗೆಯೇ ಬುಡಕ್ಕೆ ಬಿಗಿಯಾಗಿ, ತುದಿಗೆ ಸಡಿಲವಾಗಿ ಮಾಡಿದರು. ಈ ಪ್ರಸಂಗವನ್ನು ಪತ್ರಿಕೆಗಳು ನ್ಯೂಟನ್ನನ ಸೇಬಿನ ಹಾಗೆ ಹೇಳುವುದುಂಟು. ಹತ್ತು ವರ್ಷ ಶಂಖದ ತಿರುವನ್ನೇ ನೆನೆದವನ ಕೈಗೆ ಸಿಕ್ಕಿದ್ದರಿಂದ ಅದು ಉಪಾಯವಾಯಿತು. ಆ ತೀರದಲ್ಲಿ ಹುಲ್ಲು ಹಿಡಿದು ಆಡಿದವರು ಅವರೊಬ್ಬರೇ ಅಲ್ಲವಷ್ಟೆ.

1978ರ ಆಗಸ್ಟ್ 1ರಂದು ಮೆಲ್ಬರ್ನಿನ ರಾಯಲ್ ವಿಕ್ಟೋರಿಯನ್ ಕಣ್ಣು ಮತ್ತು ಕಿವಿ ಆಸ್ಪತ್ರೆಯಲ್ಲಿ ರಾಡ್ ಸಾಂಡರ್ಸ್ ಎಂಬುವರಿಗೆ ಮೊದಲ ಶಸ್ತ್ರಕ್ರಿಯೆ ನಡೆಯಿತು. ಕಾರು ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಅವರ ಶ್ರವಣ ಪೂರ್ತಿ ಹೋಗಿತ್ತು. ಗಾಯ ಮಾಗಿದ ಮೇಲೆ ಯಂತ್ರವನ್ನು ಚಾಲೂ ಮಾಡಿದರು. ಏನೂ ಕೇಳಿಸಲಿಲ್ಲ. ಹನ್ನೊಂದು ವರ್ಷದ ಕೆಲಸ ಆ ಮೌನದಲ್ಲಿ ತೂಗುತ್ತಿತ್ತು. ದೋಷ ಇದ್ದದ್ದು ಕಿವಿಯೊಳಗಲ್ಲ, ಹೊರಗಿನ ಪರೀಕ್ಷಾ ಸಲಕರಣೆಯಲ್ಲಿ ಎಂದು ಆಮೇಲೆ ತಿಳಿಯಿತು. ಸರಿಪಡಿಸಿ ರಾಷ್ಟ್ರಗೀತೆಯ ಧಾಟಿಯನ್ನು ಕೇಳಿಸಿದಾಗ ಸಾಂಡರ್ಸ್ ಎದ್ದು ನಿಂತರು. ಕೇಳಿಸಿತೇ ಎಂದು ಪ್ರತ್ಯೇಕವಾಗಿ ಕೇಳಬೇಕಾಗಿರಲಿಲ್ಲ.

ಆದರೂ ರಾಗ ತಿಳಿದದ್ದು ಮಾತು ತಿಳಿದಂತಲ್ಲ. ಇಲ್ಲಿ ನಮ್ಮ ಕನ್ನಡದ ಸ್ವರಗಳಿಂದಲೇ ಒಂದು ಪ್ರಯೋಗವನ್ನು ವಾಚಕರು ಮಾಡಿ ನೋಡಬಹುದು. ಶ್ರುತಿಯನ್ನು ಬದಲಿಸದೆ ‘ಇ’ ಎಂದು ಎಳೆಯಿರಿ. ಅದೇ ಶ್ರುತಿಯಲ್ಲಿ ‘ಉ’ ಎಂದು ಎಳೆಯಿರಿ. ಗಂಟಲು ಮಾಡುವ ಕಂಪನ ಎರಡರಲ್ಲಿಯೂ ಒಂದೇ. ಬದಲಾದದ್ದು ಬಾಯಿಯ ಆಕಾರ. ಅದರಿಂದ ಬೇರೆಬೇರೆ ಸ್ಥಾಯಿಯ ಅನುರಣನಗಳು ಬಲಗೊಳ್ಳುತ್ತವೆ. ಇವುಗಳಲ್ಲಿ ಎರಡನೆಯ ಅನುರಣನ ‘ಇ’ಕಾರದಲ್ಲಿ ಸೆಕೆಂಡಿಗೆ ಎರಡು ಸಾವಿರ ಕಂಪನಗಳ ಮೇಲೆಯೂ ‘ಉ’ಕಾರದಲ್ಲಿ ಸಾವಿರಕ್ಕಿಂತ ಕೆಳಗೂ ಇರುತ್ತದೆ. ಕ್ಲಾರ್ಕರ ಸಹೋದ್ಯೋಗಿ ಜೋ ಟಾಂಗ್ ಮತ್ತು ಸಂಗಡಿಗರು ಒಂದೊಂದೇ ವಿದ್ಯುದಗ್ರವನ್ನು ಮಿಡಿಸಿ ಏನು ಕೇಳಿಸಿತೆಂದು ವಿಚಾರಿಸಿದಾಗ, ಸಾಂಡರ್ಸ್ ಒಂದೊಂದು ಸ್ಥಳಕ್ಕೂ ಒಂದೊಂದು ಸ್ವರಾಕ್ಷರವನ್ನು ಹೋಲುವ ಸದ್ದನ್ನು ಹೇಳಿದರು! ಅದೂ ಆ ಸ್ಥಳ ಪ್ರತಿನಿಧಿಸುವ ಅನುರಣನಕ್ಕೆ ಹೊಂದುವಂತೆ. ಮಾತಿನಲ್ಲಿರುವುದನ್ನೆಲ್ಲ ಕಳಿಸಬೇಕಾಗಿಲ್ಲ, ಅತ್ಯಗತ್ಯವಾದದ್ದನ್ನು ಆರಿಸಿ ಕಳಿಸಿದರೆ ಮಿದುಳು ಉಳಿದದ್ದನ್ನು ಕೂಡಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಅದರಿಂದ ಬಂತು. ಎರಡನೆಯ ಅನುರಣನವನ್ನು ಯಾವ ವಿದ್ಯುದಗ್ರ ಎಂಬುದರಿಂದಲೂ, ಗಂಟಲಿನ ಶ್ರುತಿಯನ್ನು ಮಿಡಿತದ ವೇಗದಿಂದಲೂ ಕಳಿಸಿದರು. ಶ್ರುತಿ ಸೆಕೆಂಡಿಗೆ ನೂರಿನ್ನೂರರ ಮಾತು. ಅಷ್ಟನ್ನು ನರ ಓದಬಲ್ಲದೆಂದು ಬೆಕ್ಕುಗಳೇ ಹೇಳಿಕೊಟ್ಟಿದ್ದವು. ಸ್ಥಳವೇ, ವೇಗವೇ ಎಂಬ ಹಳೆಯ ವಾದಕ್ಕೆ ಎರಡೂ ಎಂಬುದೇ ಉತ್ತರವಾಯಿತು. ಒಂದೊಂದಕ್ಕೂ ಅದರದರ ಪಾಲು. 1978 ಮುಗಿಯುವುದರೊಳಗೆ ಸಾಂಡರ್ಸ್ ತುಟಿಗಳನ್ನು ನೋಡದೆ, ಮುಂಚೆ ಹೇಳಿಕೊಡದ ಪದಗಳನ್ನು ಕೇಳಿ ಹೇಳಿದರು. ಕ್ಲಾರ್ಕರು ಪಕ್ಕದ ಕೋಣೆಗೆ ಹೋಗಿ ಅತ್ತರಂತೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಹೃದಯದ ಪೇಸ್‌ಮೇಕರುಗಳನ್ನು ತಯಾರಿಸುತ್ತಿದ್ದ ಉದ್ಯಮಿಗಳ ಕೈಸೇರಿದ ಸಾಧನ 1982ರಲ್ಲಿ ಮಾರಾಟಕ್ಕೆ ತಕ್ಕ ರೂಪ ತಾಳಿತು. 1985ರಲ್ಲಿ ಅಮೆರಿಕದ ಸರಕಾರ ವಯಸ್ಕರಿಗೂ 1990ರಲ್ಲಿ ಮಕ್ಕಳಿಗೂ ಒಪ್ಪಿಗೆ ಕೊಟ್ಟಿತು. ಈಗ ಪ್ರಪಂಚದಲ್ಲಿ ಅಳವಡಿಸಿರುವ ಇಂಥ ಸಾಧನಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿದೆ. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಶಸ್ತ್ರಕ್ರಿಯೆಯಾದ ಮಕ್ಕಳಿಗೆ ಕೇಳುವುದನ್ನೂ ಮಾತನ್ನೂ ಕಲಿಸುವ ಕೆಲಸ ನಡೆಯುತ್ತದೆ. ಸಾಧನದ ಬೆಲೆ ಲಕ್ಷಗಳಲ್ಲಿರುವುದರಿಂದ ಬಡವರ ಎಳೆಯ ಮಕ್ಕಳಿಗೆ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ನೆರವುಂಟು. ಎಳೆಯ ಮಕ್ಕಳು ಎಂಬುದಕ್ಕೆ ಕಾರಣವಿದೆ. ಹುಟ್ಟುಕಿವುಡ ಮಗುವಿನ ಮಿದುಳು ಮೊದಲ ಕೆಲವು ವರ್ಷಗಳಲ್ಲಿ ಶಬ್ದಕ್ಕಾಗಿ ಕಾದಿರುತ್ತದೆ. ಆಮೇಲೆ ಆ ಜಾಗವನ್ನು ಬೇರೆ ಇಂದ್ರಿಯಗಳು ಹಿಡಿಯುತ್ತವೆ. ಹುಟ್ಟಿದಂದಿನಿಂದ ಕೇಳದೆ ಬೆಳೆದು ದೊಡ್ಡವರಾದವರಿಗೆ ಇದರಿಂದ ಆಗುವ ಪ್ರಯೋಜನ ಕಡಮೆ.

ಈ ಸಾಧನ ಕಿವಿಯನ್ನು ಹಿಂದಕ್ಕೆ ಕೊಡುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟ. ಸಂಗೀತದ ಸೊಗಸು ಬಹುಪಾಲು ತಪ್ಪಿಹೋಗುತ್ತದೆ. ಅಲ್ಲದೆ ಸಂಜ್ಞಾಭಾಷೆಯಲ್ಲಿ ಬದುಕು ಕಟ್ಟಿಕೊಂಡ ಕಿವುಡರ ಸಮುದಾಯವೊಂದಿದೆ. ತಮ್ಮನ್ನು ರೋಗಿಗಳೆಂದು ಏಕೆ ಎಣಿಸುತ್ತೀರಿ, ಒಪ್ಪಿಗೆ ಕೊಡಲಾರದ ಮಗುವಿಗೆ ಏಕೆ ಶಸ್ತ್ರಕ್ರಿಯೆ ಮಾಡುತ್ತೀರಿ ಎಂದು ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಬಲವಾಗಿ ಪ್ರತಿಭಟಿಸಿತು. 2000ದಲ್ಲಿ ತನ್ನ ನಿಲುವನ್ನು ಮೆದುಗೊಳಿಸಿತು. ಮಕ್ಕಳಿಗೆ ಸಂಜ್ಞೆಯನ್ನೂ ಕಲಿಸಿದರೆ ನಷ್ಟವೇನೆಂದು ನನಗೆ ತಿಳಿಯದು.

ಕ್ಲಾರ್ಕರೊಬ್ಬರೇ ಇದನ್ನು ಮಾಡಿದರೆಂದೂ ತಿಳಿಯಬಾರದು. 2013ರ ಲಾಸ್ಕರ್ ಪ್ರಶಸ್ತಿಯನ್ನು ಮೂವರಿಗೆ ಹಂಚಿದರು. ಮೂವರ ದಾರಿಯೂ ಬೇರೆ. ವಿಯೆನ್ನದ ಇಂಗೆಬೋರ್ಗ್ ಹೋಖ್‌ಮೈರ್ ವೈದ್ಯರಲ್ಲ, ವಿದ್ಯುತ್ ಇಂಜಿನಿಯರು. ಅವರೂ ಎರ್ವಿನ್ ಹೋಖ್‌ಮೈರರೂ ಕೂಡಿ ತಯಾರಿಸಿದ ಬಹುತಂತಿಯ ಸಾಧನವನ್ನು 1977ರ ಡಿಸೆಂಬರಿನಲ್ಲಿಯೇ, ಎಂದರೆ ಮೆಲ್ಬರ್ನಿಗಿಂತ ಮೊದಲೇ, ರೋಗಿಯೊಬ್ಬರಲ್ಲಿ ಅಳವಡಿಸಿದ್ದರು. ಆಗ ಆಕೆಗೆ ಇಪ್ಪತ್ತನಾಲ್ಕು ವರ್ಷ, ಡಾಕ್ಟರೇಟ್ ಇನ್ನೂ ಬಂದಿರಲಿಲ್ಲ. ನಮಗಿಂತ ಮೂರು ನಾಲ್ಕು ವರ್ಷ ದೊಡ್ಡ ಹುಡುಗಿಯೊಬ್ಬಳು ಎಂದು ಹೇಳಿದರೆ ಅದರ ತೂಕ ತಿಳಿದೀತು. ಮೂರನೆಯವರು ಅಮೆರಿಕದ ಬ್ಲೇಕ್ ವಿಲ್ಸನ್. ಇಂಜಿನಿಯರಿಂಗಿನ ಮೊದಲ ಪದವಿಯೊಂದನ್ನು ಇಟ್ಟುಕೊಂಡೇ ಅವರು, ವಿದ್ಯುದಗ್ರಗಳನ್ನು ಒಂದಾದ ಮೇಲೊಂದರಂತೆ ಬಹುವೇಗವಾಗಿ ಮಿಡಿಸುವ ಕ್ರಮವನ್ನು ರೂಪಿಸಿ 1991ರಲ್ಲಿ ಪ್ರಕಟಿಸಿದರು. ಅದರಿಂದ ಮಾತು ಮೊದಲಿಗಿಂತ ಬಹಳ ಸ್ಪಷ್ಟವಾಯಿತು.

ಕಲಾ ವಿಭಾಗದ ನಮಗೆ ಇದರಲ್ಲಿ ಜಾಗವೆಲ್ಲಿ ಎಂದು ಸೆಮಿನಾರಿನ ಕೊನೆಗೆ ಸಹಪಾಠಿಯೊಬ್ಬರು ಕೇಳಿದರು. ಯಂತ್ರ ಮಾಡುವ ಜಾಗವಲ್ಲ, ನಿಜ. ಆದರೆ ‘ಏನು ಕೇಳಿಸಿತು?’ ಎಂದು ರೋಗಿಯನ್ನು ಕೇಳಿ ಉತ್ತರವನ್ನು ತೂಗುವುದು ಮನಶ್ಶಾಸ್ತ್ರದ ಕೆಲಸ. ಸ್ವರಾಕ್ಷರಗಳ ವಿಂಗಡಣೆ ಭಾಷಾವಿಜ್ಞಾನದ ಕೆಲಸ. ಕನ್ನಡದ ಹ್ರಸ್ವ ದೀರ್ಘಗಳೂ ‘ಲ’ ‘ಳ’ಗಳೂ ಇಂಗ್ಲಿಷಿಗಾಗಿ ರೂಪಿಸಿದ ಯಂತ್ರದಲ್ಲಿ ಹೇಗೆ ಕೇಳಿಸುತ್ತವೆಂಬುದನ್ನು ಕನ್ನಡ ಬಲ್ಲವರೇ ಪರೀಕ್ಷಿಸಬೇಕಷ್ಟೆ. ಹೊಟ್ಟೆಯ ಪ್ರಶ್ನೆಗೂ ಒಂದು ಮಟ್ಟಿನ ಉತ್ತರ ಉಂಟು. ಎಂ.ಎ. ಮುಗಿಸಿ ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಆರಿಸಿಬಂದವರಿಗೆ 2023ರ ಜನವರಿಯಿಂದ ಅನ್ವಯವಾದ ದರದಲ್ಲಿ ತಿಂಗಳಿಗೆ 37,000 ರೂಪಾಯಿ. ಈ ಅಂಕಿಯನ್ನು ನಾನು ತಂದೆಯವರಿಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ಮೊದಲನೆಯ ಸಲ ಕೇಳಿಸಿರಲಿಲ್ಲವೆಂದು ನಾನು ನಂಬುವುದಿಲ್ಲ.

ರಾಡ್ ಸಾಂಡರ್ಸರ ವಿಷಯ ಒಂದು ಉಳಿಯಿತು. ತಾವು ಸತ್ತ ಮೇಲೆ ತಮ್ಮ ಒಳಗಿವಿಗಳನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಕೆಂದು ಅವರು ಬಿಟ್ಟುಹೋದರು. ಅಷ್ಟು ವರ್ಷ ತಂತಿ ಇದ್ದ ಶಂಖದಲ್ಲಿ ಏನೇನು ಬದಲಾವಣೆಗಳಾಗಿವೆ, ನರದ ಎಳೆಗಳೆಷ್ಟು ಉಳಿದಿವೆ ಎಂಬುದನ್ನು ಸೂಕ್ಷ್ಮದರ್ಶಕದಡಿ ನೋಡಿ ಬರೆದ ಪ್ರಬಂಧ 2014ರಲ್ಲಿ ಹೊರಬಂತು. ಅದರ ಲೇಖಕರಲ್ಲಿ ಮೊದಲ ಹೆಸರು ಕ್ಲಾರ್ಕರದು. ಆಗ ಅವರಿಗೆ ಎಪ್ಪತ್ತೆಂಟು ದಾಟಿತ್ತು. ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು.